ಓದಿದವರೂ ಹೆಬ್ಬೆಟ್ಟು ಒತ್ತುವ ಕಾಲ

ಬೆಳಿಗ್ಗೆ ಎಂಟೂ ಐವತ್ತೈದು. ಬೆಂಗಳೂರಿನ ಪೀಣ್ಯದ ಯಾವುದಾದರೂ ಅಡ್ಡರಸ್ತೆಯ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿ. ಗೋಡೆಗೆ ಬಿಗಿದ ಅಂಗೈಯಗಲದ ಯಂತ್ರದ ಮುಂದೆ ಹದಿನೈದು ಮಂದಿಯ ಸಾಲು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯ ಬೆರಳು ಗಾಜಿನ ಮೇಲೆ. ‘ಥ್ಯಾಂಕ್ ಯೂ’ ಎಂದರೆ ಒಳಕ್ಕೆ. ಲೇಥ್ ಮೇಲೆ ಕೆಲಸ ಮಾಡುವವರ ಸರದಿ ಬಂದಾಗ ಮಾತ್ರ ಯಂತ್ರ ತಗಾದೆ ತೆಗೆಯುತ್ತದೆ. ‘ಪ್ಲೀಸ್ ಟ್ರೈ ಅಗೇನ್’. ಬೆರಳನ್ನು ಪ್ಯಾಂಟಿಗೆ ಒರೆಸುತ್ತಾರೆ. ಮತ್ತೆ ‘ಪ್ಲೀಸ್ ಟ್ರೈ ಅಗೇನ್’. ಈ ಸಲ ತಲೆಗೂದಲಿಗೆ ಉಜ್ಜಿ, ಎಣ್ಣೆಯ ಪಸೆ ಹತ್ತಿಸಿಕೊಂಡು ಒತ್ತುತ್ತಾರೆ. ‘ಥ್ಯಾಂಕ್ ಯೂ’. ಅಷ್ಟರಲ್ಲಿ ಗಡಿಯಾರ 9.02 ಆಗಿರುತ್ತದೆ. ಹಿಂದೆ ನಿಂತ ಏಳು ಮಂದಿಯೂ ಅಲ್ಲಿಗೆ ‘ಲೇಟ್’.

‘ಹೆಬ್ಬೆಟ್ಟು’ ಎಂಬುದು ನಮ್ಮಲ್ಲಿ ಒಂದು ಕಾಲಕ್ಕೆ ಬೈಗುಳ. ಸಹಿ ಹಾಕಲು ಬಾರದವನನ್ನು ಹಾಗೆ ಕರೆಯುತ್ತಿದ್ದರು. ಈಗ ಎಂ.ಟೆಕ್. ಮುಗಿಸಿದವರೂ ದಿನಕ್ಕೆರಡು ಸಲ ಹೆಬ್ಬೆಟ್ಟೊತ್ತಿಯೇ ಸಂಬಳ ಎಣಿಸಬೇಕು. ಒತ್ತಿದ ಗುರುತು ಎಲ್ಲಿಗೆ ಹೋಗುತ್ತದೆ, ಎರಡು ನಿಮಿಷದ ತಡ ಸಂಬಳದ ಚೀಟಿಯಲ್ಲಿ ಎಷ್ಟು ರೂಪಾಯಿಯಾಗಿ ಇಳಿಯುತ್ತದೆ ಎಂಬುದು ಒತ್ತುವವರಿಗೆ ಗೊತ್ತಿಲ್ಲ. ಎಷ್ಟೋ ಕಡೆ ಯಂತ್ರ ಕೊಂಡ ಮಾಲೀಕರಿಗೂ ಗೊತ್ತಿಲ್ಲ.

ಕೊಳ್ಳುವ ದಿನ ನಡೆಯುವುದಿಷ್ಟೇ. ಮಾರಾಟದವರು ಬಂದು ಲ್ಯಾಪ್‌ಟಾಪ್ ಬಿಚ್ಚುತ್ತಾರೆ. ಹಸಿರು, ಕೆಂಪು ಪಟ್ಟಿಗಳ ನಕ್ಷೆ ತೋರಿಸುತ್ತಾರೆ. ‘ಪ್ರಾಕ್ಸಿ ಹಾಜರಿ ನಿಂತುಹೋಗುತ್ತೆ ಸಾರ್, ಸಂಬಳದ ಲೆಕ್ಕ ಒಂದೇ ಕ್ಲಿಕ್ಕು’ ಎನ್ನುತ್ತಾರೆ. ಮಾಲೀಕರು ಕೇಳುವುದು ‘ಎಷ್ಟಾಗುತ್ತೆ?’ ಎಂಬ ಒಂದೇ ಪ್ರಶ್ನೆ. ಯಂತ್ರ ತಪ್ಪು ಬರೆದ ದಿನ ಅದನ್ನು ಯಾರು, ಹೇಗೆ ತಿದ್ದುತ್ತಾರೆ ಎಂದು ಕೇಳಿದವರು ನನಗಂತೂ ಅಪರೂಪಕ್ಕೆ ಸಿಕ್ಕಿದ್ದಾರೆ.

ಚೆಕ್‌ರೋಲ್ ಬರೆಯುತ್ತಿದ್ದ ರೈಟರ್

ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹಾಜರಿ ಎಂದರೆ ಚೆಕ್‌ರೋಲ್. ರೈಟರ್ ಹೆಸರು ಕೂಗುತ್ತಾರೆ, ಬಂದವರ ಹೆಸರಿನ ಮುಂದೆ ಗುರುತು ಬೀಳುತ್ತದೆ. ಕಟ್ಟಡ ಕೆಲಸದಲ್ಲಿ ಅದೇ ಮಸ್ಟರ್ ರೋಲ್, ಇಲ್ಲವೇ ಮೇಸ್ತ್ರಿಯ ಜೇಬಿನ ಡೈರಿ. ಇದರಲ್ಲಿ ಕಳ್ಳಾಟ ಇರಲಿಲ್ಲವೆಂದಲ್ಲ. ಬಾರದ ಆಳಿನ ಹೆಸರಲ್ಲಿ ಕೂಲಿ ಎತ್ತಿದ ಮೇಸ್ತ್ರಿಗಳ ಕತೆ ಎಲ್ಲ ಊರಲ್ಲೂ ಇದೆ. ಆದರೆ ತಪ್ಪಾದರೆ ಹೋಗಿ ಕೇಳಲು ಎದುರಿಗೊಬ್ಬ ಮನುಷ್ಯನಿದ್ದ: ‘ರೈಟ್ರೇ, ಮಂಗಳವಾರ ನಾನು ಬಂದಿದ್ನಲ್ಲ?’

ಆ ಮನುಷ್ಯನ ಜಾಗಕ್ಕೆ ಯಂತ್ರ ತಂದವರಲ್ಲಿ ಹೆಸರು ಮಾಡಿದವನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನ ಒಡವೆ ವ್ಯಾಪಾರಿ ವಿಲ್ಲರ್ಡ್ ಬಂಡಿ. 1888ರಲ್ಲಿ ಆತ ಮಾಡಿದ ಗಡಿಯಾರಕ್ಕೆ ಪ್ರತಿ ಕೆಲಸಗಾರನೂ ತನ್ನ ನಂಬರಿನ ಕೀಲಿಕೈ ಹಾಕಿ ತಿರುಗಿಸಬೇಕಿತ್ತು. ಒಳಗಿನ ಕಾಗದದ ಪಟ್ಟಿಯ ಮೇಲೆ ನಂಬರು, ಹೊತ್ತು ಎರಡೂ ಅಚ್ಚಾಗುತ್ತಿದ್ದವು. ಬಂಡಿಯ ಕಂಪನಿ ಮುಂದೆ ಇತರ ಕಂಪನಿಗಳೊಂದಿಗೆ ಬೆರೆತು, 1924ರಲ್ಲಿ ಹೆಸರು ಬದಲಿಸಿಕೊಂಡು ಐಬಿಎಂ ಆಯಿತು. ಕಂಪ್ಯೂಟರ್ ಲೋಕದ ದೊಡ್ಡಣ್ಣನ ಪೂರ್ವಿಕರಲ್ಲೊಬ್ಬ ಗೇಟ್ ಕಾಯುತ್ತಿದ್ದ ಗಡಿಯಾರ ಎನ್ನಲು ಅಡ್ಡಿಯಿಲ್ಲ.

ನರಸಾಪುರದಲ್ಲಿ ನಡೆದದ್ದು

ಹಾಜರಿಯ ಲೆಕ್ಕ ಹದಗೆಟ್ಟರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತೈವಾನ್ ಮೂಲದ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಗಿನ ಜಾವ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಕಲ್ಲು ತೂರಿದರು, ಗಾಜು ಪುಡಿ ಮಾಡಿದರು, ವಾಹನ ಮಗುಚಿದರು. ನೂರಕ್ಕೂ ಹೆಚ್ಚು ಮಂದಿ ಬಂಧಿತರಾದರು. ಹೇಳಿದಷ್ಟು ಸಂಬಳ ಬರುತ್ತಿಲ್ಲ, ಬಂದದ್ದೂ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆ ಎಂಬುದು ಅವರ ದೂರು.

ರಾಜ್ಯದ ಕಾರ್ಖಾನೆಗಳ ಇಲಾಖೆ ಪರಿಶೀಲನೆಗೆ ಹೋದಾಗ ಕಂಡದ್ದು ಈ ಲೇಖನಕ್ಕೆ ಬೇಕಾದ ಸಂಗತಿ. ಸುಮಾರು 5,000 ಇದ್ದ ಕೆಲಸಗಾರರ ಸಂಖ್ಯೆ ಕಡಿಮೆ ಅವಧಿಯಲ್ಲಿ 10,500ಕ್ಕೆ ಏರಿತ್ತು. ಅಕ್ಟೋಬರಿನಲ್ಲಿ ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಗಿತ್ತು. ಎಲೆಕ್ಟ್ರಾನಿಕ್ ಹಾಜರಾತಿ ವ್ಯವಸ್ಥೆ ಕೈಕೊಟ್ಟಿತ್ತು, ಅದನ್ನು ಹೊತ್ತಿಗೆ ಸರಿಯಾಗಿ ಯಾರೂ ರಿಪೇರಿ ಮಾಡಿಸಿರಲಿಲ್ಲ. ಒಂದು ವಾರದ ಬಳಿಕ ವಿಸ್ಟ್ರಾನ್, ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ ಸಂದಿಲ್ಲವೆಂದು ಒಪ್ಪಿ ಕ್ಷಮೆ ಕೇಳಿತು, ಭಾರತದ ವಹಿವಾಟಿನ ಹೊಣೆಯಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಆ ಕಾರ್ಖಾನೆ ಈಗ ಟಾಟಾದವರದು.

ಕಲ್ಲು ತೂರಿದ್ದನ್ನು ಸಮರ್ಥಿಸುವ ಮಾತಲ್ಲ ಇದು. ಪಾಳಿ ಬದಲಾಯಿತು, ಆಳು ಇಮ್ಮಡಿಯಾಯಿತು, ಹಾಜರಿಯ ವ್ಯವಸ್ಥೆ ಮಾತ್ರ ಜೊತೆಗೆ ಬದಲಾಗಲಿಲ್ಲ. ನಲವತ್ತು ಜನರ ಕಾರ್ಖಾನೆಯಲ್ಲೂ ಇದೇ ಆಗುತ್ತದೆ. ಅಲ್ಲಿ ಗಾಜು ಒಡೆಯುವುದಿಲ್ಲ, ಒಳ್ಳೆಯ ಕೆಲಸಗಾರರು ಸದ್ದಿಲ್ಲದೆ ಪಕ್ಕದ ಶೆಡ್ಡಿಗೆ ಹೋಗುತ್ತಾರೆ, ಅಷ್ಟೇ ವ್ಯತ್ಯಾಸ.

ಯಂತ್ರ ಬೆರಳಿನ ಫೋಟೊ ಇಟ್ಟುಕೊಳ್ಳುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಬೆರಳಿನ ಗೆರೆ ಎಲ್ಲಿ ಮುಗಿಯುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂದು ಗುರುತಿಸಿ, ಆ ಬಿಂದುಗಳ ಜಾಗವನ್ನು ಅಂಕಿಗಳಾಗಿ ಬರೆದಿಟ್ಟುಕೊಳ್ಳುತ್ತದೆ. ಚುಕ್ಕಿ ರಂಗೋಲಿಯಲ್ಲಿ ಗೆರೆ ಅಳಿಸಿ ಚುಕ್ಕಿಗಳನ್ನಷ್ಟೇ ಉಳಿಸಿಕೊಂಡ ಹಾಗೆ. ನಾಳೆ ನೀವು ಬೆರಳಿಟ್ಟಾಗ ಹೊಸ ಚುಕ್ಕಿಗಳನ್ನು ಹಳೆಯವುಗಳ ಜೊತೆ ಹೋಲಿಸುತ್ತದೆ. ಮುಖ ನೋಡುವ ಯಂತ್ರವೂ ಇದನ್ನೇ ಕಣ್ಣು, ಮೂಗು, ಗದ್ದಗಳ ಅಂತರದಿಂದ ಶುರುಮಾಡಿ ಇನ್ನೂ ನೂರೆಂಟು ಲಕ್ಷಣಗಳಿಂದ ಮಾಡುತ್ತದೆ.

ಹೋಲಿಕೆ ಎಂದೂ ನೂರಕ್ಕೆ ನೂರು ಇರುವುದಿಲ್ಲ. ಇಷ್ಟು ಹೊಂದಿದರೆ ಸಾಕು ಎಂಬ ಗೆರೆಯೊಂದನ್ನು ಯಾರೋ ಎಳೆದಿರುತ್ತಾರೆ. ಗೆರೆ ಮೇಲಕ್ಕೆ ಎಳೆದರೆ ಅಸಲಿ ಆಸಾಮಿಯನ್ನೇ ಯಂತ್ರ ‘ನೀನಲ್ಲ’ ಎನ್ನುತ್ತದೆ. ಕೆಳಕ್ಕೆ ಎಳೆದರೆ ಇನ್ಯಾರದೋ ಬೆರಳಿಗೂ ‘ಥ್ಯಾಂಕ್ ಯೂ’ ಅಂದುಬಿಡುತ್ತದೆ. ಸಿಮೆಂಟು ಕಲಸುವವರು, ಪ್ಲೇಟಿಂಗ್ ಘಟಕದಲ್ಲಿ ಆಮ್ಲ ಮುಟ್ಟುವವರು, ಅಡಿಕೆ ಸುಲಿಯುವವರು, ದಿನವಿಡೀ ಪಾತ್ರೆ ತೊಳೆಯುವ ಹೋಟೆಲಿನವರು, ಇವರ ಬೆರಳಿನ ಗೆರೆ ಸವೆದಿರುತ್ತದೆ. ಹೆಚ್ಚು ದುಡಿದವರ ಬೆರಳೇ ಯಂತ್ರಕ್ಕೆ ಓದಲು ಕಷ್ಟ. ನಿಮ್ಮ ಕೆಲಸ ಅಂಥದ್ದಾದರೆ ಬೆರಳಿನ ಯಂತ್ರವನ್ನು ಮರೆತು ಕಾರ್ಡಿಗೋ ಮುಖಕ್ಕೋ ಹೋಗುವುದು ಒಳಿತು. ಕಾರ್ಡನ್ನು ಗೆಳೆಯನ ಕೈಲಿ ಕೊಟ್ಟು ಕಳಿಸಬಹುದು, ನಿಜ. ಆದರೆ ಮೂವತ್ತು ಜನರಿರುವಲ್ಲಿ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಸೂಪರ್‌ವೈಸರಿಗೆ ಗೊತ್ತಿಲ್ಲದಿದ್ದರೆ ತೊಂದರೆ ಯಂತ್ರದ್ದಲ್ಲ.

ಬೆರಳಿಟ್ಟಾಗ ಅದು ಆಧಾರ್‌ಗೆ ಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಸರ್ಕಾರಿ ಕಚೇರಿಗಳಲ್ಲಿ 2014ರಲ್ಲಿ ಶುರುವಾದ ವ್ಯವಸ್ಥೆ ಹಾಗೆ ಆಧಾರ್ ಜೊತೆ ತಾಳೆ ನೋಡುತ್ತದೆ. ಖಾಸಗಿ ಕಾರ್ಖಾನೆಯ ಗೇಟಿನ ಮಾಮೂಲಿ ಯಂತ್ರ ನೋಡುವುದು ತನ್ನದೇ ಪಟ್ಟಿಯನ್ನು. ಹಾಗಾಗಿ ಆ ಪಟ್ಟಿ ಕಾಯುವ ಹೊಣೆಯೂ ಮಾಲೀಕರದೇ.

ಮೊದಲು ಕಟ್ಟಳೆ ಬರೆಯಿರಿ

ಸಾಫ್ಟ್‌ವೇರ್ ಕೊಂಡ ಎಷ್ಟೋ ಮಂದಿ ಮಾಡುವ ತಪ್ಪು ಒಂದೇ. ತಮ್ಮಲ್ಲಿ ಬರೆದಿಟ್ಟ ಕಟ್ಟಳೆಯೇ ಇಲ್ಲದೆ, ಸಾಫ್ಟ್‌ವೇರಿನಲ್ಲಿ ಬಂದದ್ದನ್ನೇ ಕಟ್ಟಳೆ ಎಂದುಕೊಳ್ಳುವುದು. ಒಂಬತ್ತಕ್ಕೆ ಶುರುವಾದರೆ ಎಷ್ಟು ನಿಮಿಷದವರೆಗೆ ತಡವಲ್ಲ? ಊಟದ ಅರ್ಧ ಗಂಟೆ ಲೆಕ್ಕಕ್ಕೆ ಸೇರುತ್ತದೆಯೇ? ಇವುಗಳಿಗೆ ಉತ್ತರ ಟೈಮ್ ಆಫೀಸಿನವರ ತಲೆಯಲ್ಲಿರುತ್ತದೆ, ಕಾಗದದ ಮೇಲಿರುವುದಿಲ್ಲ.

ಸಣ್ಣದೊಂದು ಸೆಟ್ಟಿಂಗ್ ಏನು ಮಾಡುತ್ತದೆ ನೋಡಿ. ಹದಿನೈದು ನಿಮಿಷಕ್ಕೆ ಸರಿಹೊಂದಿಸುವ ಆಯ್ಕೆ ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿದೆ. 9.03ಕ್ಕೆ ಬಂದವರನ್ನು ಅದು 9.15ಕ್ಕೆ ಬಂದಂತೆ ಬರೆಯಬಹುದು, 6.12ಕ್ಕೆ ಹೊರಟವರನ್ನು 6 ಗಂಟೆಗೇ ಹೊರಟಂತೆ ಬರೆಯಬಹುದು. ದಿನಕ್ಕೆ 24 ನಿಮಿಷ ಮಾಯ. 26 ದಿನಕ್ಕೆ 10 ಗಂಟೆ 24 ನಿಮಿಷ. ಒಂದು ದಿನಕ್ಕಿಂತ ಹೆಚ್ಚಿನ ದುಡಿಮೆ ಲೆಕ್ಕದಿಂದ ಜಾರಿತು. ಕದ್ದವರು ಯಾರೂ ಇಲ್ಲ, ಎಲ್ಲೋ ಒಂದು ಟಿಕ್ ಗುರುತು ಬಿದ್ದಿತ್ತು.

‘ಮೂರು ಲೇಟಿಗೆ ಅರ್ಧ ದಿನದ ಸಂಬಳ ಕಟ್’ ಎಂಬ ಸಂಪ್ರದಾಯ ನಮ್ಮಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿದೆ. ಐದೈದು ನಿಮಿಷದಂತೆ ಮೂರು ದಿನ ತಡವಾದರೆ ಒಟ್ಟು 15 ನಿಮಿಷ, ಕಡಿತ ನಾಲ್ಕು ಗಂಟೆಯದು. ಕೆಲಸಕ್ಕೆ ಬಾರದ ಹೊತ್ತಿಗೆ ತಕ್ಕಷ್ಟೇ ಸಂಬಳ ಕಡಿಯಬಹುದು ಎಂಬ ಮಾತು 1936ರ ವೇತನ ಪಾವತಿ ಕಾಯ್ದೆಯಲ್ಲೇ ಇತ್ತು. 2019ರ ವೇತನ ಸಂಹಿತೆಯಲ್ಲೂ ಉಳಿದುಕೊಂಡಿದೆ. ದಂಡ ಹಾಕುವುದಾದರೆ ಅದರ ದಾರಿ ಬೇರೆ, ಅದಕ್ಕೂ ಆ ಅವಧಿಯ ವೇತನದ ಶೇ 3ರ ಮಿತಿಯಿದೆ. ಸಾಫ್ಟ್‌ವೇರಿನಲ್ಲಿ ಆ ಆಯ್ಕೆ ಇದೆ ಎಂಬ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ.

ರಾತ್ರಿ ಪಾಳಿ ಇರುವವರು ಡೆಮೊ ದಿನವೇ ಒಂದು ಪರೀಕ್ಷೆ ಮಾಡಿ. ರಾತ್ರಿ 10ಕ್ಕೆ ಒಳಗೆ, ಬೆಳಿಗ್ಗೆ 6ಕ್ಕೆ ಹೊರಗೆ. ಸರಿಯಾಗಿ ಹೊಂದಿಸದಿದ್ದರೆ ಮಧ್ಯರಾತ್ರಿ ತಾರೀಖು ಬದಲಾದ ಕೂಡಲೇ ಸಾಫ್ಟ್‌ವೇರ್ ಮಂಕಾಗುತ್ತದೆ. ಮೊದಲ ದಿನ ಹೊರಹೋದ ಗುರುತಿಲ್ಲ, ಎರಡನೇ ದಿನ ಒಳಬಂದ ಗುರುತಿಲ್ಲ. ಒಂದು ರಾತ್ರಿ ದುಡಿದವರಿಗೆ ಎರಡು ‘ಮಿಸ್ ಪಂಚ್’. ಓ.ಟಿ. ಲೆಕ್ಕವೂ ಇಲ್ಲೇ ಎಡವುವುದು. ನಿಗದಿತ ಹೊತ್ತಿಗಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ದರ ಎಂಬುದು ಕಾರ್ಖಾನೆಗಳ ಹಳೆಯ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಅದು ಹಾಗೇ ಇದೆ.

ರಜೆಯ ಪಟ್ಟಿಯನ್ನೂ ಒಮ್ಮೆ ತೆಗೆದು ನೋಡಿ. ನಮ್ಮ ರಾಜ್ಯದ 1963ರ ಕಾಯ್ದೆ ಕೈಗಾರಿಕಾ ಸಂಸ್ಥೆಗಳಿಗೆ ಹೇಳಿದ ರಜೆಗಳಲ್ಲಿ ನವೆಂಬರ್ 1 ಕೂಡ ಇದೆ. ಬೇರೆ ರಾಜ್ಯದಲ್ಲೋ ಬೇರೆ ದೇಶದಲ್ಲೋ ತಯಾರಾದ ಸಾಫ್ಟ್‌ವೇರಿಗೆ ರಾಜ್ಯೋತ್ಸವ ಹೇಗೆ ಗೊತ್ತಾಗಬೇಕು? ಬಾವುಟ ಹಾರಿಸಿ ಮನೆಗೆ ಹೋದವರೆಲ್ಲ ಅದರ ಪಾಲಿಗೆ ಗೈರು.

78, 80, 240

ಹಾಜರಿ ಎಂದರೆ ತಿಂಗಳ ಸಂಬಳ ಮಾತ್ರ ಎಂದುಕೊಂಡವರು ಈ ಮೂರು ಅಂಕಿಗಳನ್ನು ನೆನಪಿಡಬೇಕು. ಇಎಸ್‌ಐನಲ್ಲಿ ಕಾಯಿಲೆ ಭತ್ಯೆ ಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಸಂದಿರಬೇಕು. ಹೆರಿಗೆ ಸೌಲಭ್ಯದ ಕಾನೂನು ಕೇಳುವುದು ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನದ ಕೆಲಸ. ವಾರಕ್ಕೆ ಆರು ದಿನ ಕೆಲಸವಿರುವಲ್ಲಿ ಗ್ರಾಚ್ಯುಟಿಗೆ ಒಂದು ವರ್ಷ ಎಂದು ಲೆಕ್ಕ ಹಿಡಿಯಲು 240 ದಿನ. ಎರಡು ದಿನದ ಹಾಜರಿ ತಪ್ಪಿ ಬಿಟ್ಟುಹೋಗಿ ಯಾರದೋ ಲೆಕ್ಕ 78ರ ಬದಲು 76ಕ್ಕೆ ನಿಂತರೆ, ಅದು ಅವರಿಗೆ ಗೊತ್ತಾಗುವುದು ಆಸ್ಪತ್ರೆಯಲ್ಲಿ ಮಲಗಿದ ಮೇಲೆ.

ಗೇಟೇ ಇಲ್ಲದ ಕೆಲಸ

ಔಷಧ ಕಂಪನಿಯ ಪ್ರತಿನಿಧಿ, ಲಿಫ್ಟ್ ರಿಪೇರಿಯವರು, ಮನೆ ಮನೆಗೆ ಹೋಗುವ ನರ್ಸು, ಇವರ ಹಾಜರಿ ಮೊಬೈಲಿನಲ್ಲೇ. ಫೋನು ನಿಂತ ಜಾಗದ ಜಿಪಿಎಸ್ ನೋಡಿ, ನಕ್ಷೆಯ ಮೇಲೆ ಎಳೆದ ವೃತ್ತದೊಳಗೆ ಇದ್ದರೆ ಹಾಜರಿ. ಕಾಂಕ್ರೀಟು ಕಟ್ಟಡದೊಳಗೆ ಜಿಪಿಎಸ್ ದಾರಿ ತಪ್ಪುತ್ತದೆ, ಎದುರು ರಸ್ತೆಯಲ್ಲಿದ್ದೀರಿ ಎನ್ನುತ್ತದೆ. ಇನ್ನೊಂದೆಡೆ ಮನೆಯಲ್ಲಿ ಕೂತೇ ಮೈಸೂರಿನಲ್ಲಿದ್ದೇನೆ ಎಂದು ತೋರಿಸುವ ಆ್ಯಪ್‌ಗಳೂ ಪುಕ್ಕಟೆ ಸಿಗುತ್ತವೆ.

ಇದರ ದೊಡ್ಡ ಪ್ರಯೋಗ ನಡೆದದ್ದು ಕಂಪನಿಗಳಲ್ಲಲ್ಲ, ಹಳ್ಳಿಯ ಕೆರೆ ಹೂಳೆತ್ತುವ ಜಾಗದಲ್ಲಿ. ನರೇಗಾ ಕೂಲಿಕಾರರ ಫೋಟೊವನ್ನು ದಿನಕ್ಕೆರಡು ಸಲ, ಜಾಗದ ಗುರುತಿನ ಸಮೇತ ಆ್ಯಪ್‌ಗೆ ಹಾಕುವ ಪದ್ಧತಿ 2021ರಲ್ಲಿ ಬಂತು, 2023ರ ಜನವರಿಯಿಂದ ಎಲ್ಲೆಡೆ ಕಡ್ಡಾಯವಾಯಿತು. ಸಿಗ್ನಲ್ ಸಿಗದೆ ಕೂಲಿ ಕಳೆದುಕೊಂಡೆವೆಂದು ಕೂಲಿಕಾರರು ದೂರಿದರು. ಕಳ್ಳರು ಬೇರೆ ದಾರಿ ಹುಡುಕಿಕೊಂಡರು. ಫೋಟೊದ್ದೇ ಫೋಟೊ ತೆಗೆದು ಹಾಕುತ್ತಿದ್ದಾರೆ, ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರ ಹಾಕುತ್ತಿದ್ದಾರೆ ಎಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು.

ಮೊಬೈಲ್ ಹಾಜರಿ ಕೊಳ್ಳುವವರು ಕೇಳಬೇಕಾದ್ದು ಎರಡು. ನೆಟ್‌ವರ್ಕ್ ಇಲ್ಲದಾಗ ಪಂಚ್ ಫೋನಿನಲ್ಲೇ ಉಳಿದು ಆಮೇಲೆ ಹೋಗುತ್ತದೆಯೇ? ಸಂಜೆ ಕೆಲಸ ಮುಗಿದ ಮೇಲೂ ಜಿಪಿಎಸ್ ಹಿಂಬಾಲಿಸುತ್ತದೆಯೇ? ಎರಡನೆಯದಕ್ಕೆ ‘ಹೌದು’ ಎಂದರೆ ಆ ಸಾಫ್ಟ್‌ವೇರನ್ನು ಅಲ್ಲಿಗೇ ಬಿಡಿ.

ಪಾಸ್‌ವರ್ಡ್ ಬದಲಿಸಬಹುದು, ಬೆರಳನ್ನಲ್ಲ

2019ರ ಆಗಸ್ಟಿನಲ್ಲಿ ಬಯೋಸ್ಟಾರ್ 2 ಎಂಬ ಬಯೋಮೆಟ್ರಿಕ್ ಭದ್ರತಾ ವ್ಯವಸ್ಥೆಯ ದತ್ತಾಂಶ ಕಾವಲಿಲ್ಲದೆ ಬಿದ್ದಿದ್ದನ್ನು ಸಂಶೋಧಕರು ಪತ್ತೆ ಮಾಡಿದರು. ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಬೆರಳಚ್ಚು ಇತ್ತು. 2021ರ ಡಿಸೆಂಬರಿನಲ್ಲಿ ಅಮೆರಿಕದ ಕ್ರೋನೊಸ್ ಹಾಜರಿ ಸೇವೆಯ ಮೇಲೆ ಸೈಬರ್ ಸುಲಿಗೆಕೋರರು ದಾಳಿ ಮಾಡಿದಾಗ ಆಸ್ಪತ್ರೆಗಳು, ಕಂಪನಿಗಳು ವಾರಗಟ್ಟಲೆ ಕಾಗದ ಪೆನ್ನು ಹಿಡಿದು ಹಾಜರಿ ಬರೆದವು. ಕ್ಲೌಡ್ ಎಂದರೆ ಮೋಡವಲ್ಲ, ಇನ್ನೊಬ್ಬರ ಕಂಪ್ಯೂಟರ್. ಅದು ಕೆಟ್ಟ ದಿನ ಸಂಬಳ ಹೇಗೆ ಮಾಡುತ್ತೀರಿ ಎಂಬುದಕ್ಕೆ ಉತ್ತರ ನಿಮ್ಮಲ್ಲೇ ಇರಬೇಕು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆ ಮೊಕದ್ದಮೆ ಹೂಡಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದವರು. ಅದರ ಮುಂದುವರಿಕೆಯಾಗಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ದತ್ತಾಂಶ ಕಾಯುವಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಕೆಲಸ ಬಿಟ್ಟವರ ಬೆರಳ ಗುರುತನ್ನು ಯಾವಾಗ ಅಳಿಸುತ್ತೀರಿ ಎಂದು ಮಾರಾಟದವರನ್ನು ಕೇಳಿ ನೋಡಿ. ತಡವರಿಸಿದರೆ ಅದೇ ಉತ್ತರ.

ಒಂದು ತಿಂಗಳು ಜೋಡಿ ಲೆಕ್ಕ

ಬೆಲೆಯ ಮಾತಿಗೆ ಬರೋಣ. ಕ್ಲೌಡ್ ಸೇವೆಯವರು ತಲೆಗಿಷ್ಟು, ತಿಂಗಳಿಗಿಷ್ಟು ಎನ್ನುತ್ತಾರೆ. ತಲೆಗೆ 50 ರೂಪಾಯಿ ಎಂದಿಟ್ಟುಕೊಳ್ಳಿ, ಅರವತ್ತು ಮಂದಿಗೆ ವರ್ಷಕ್ಕೆ 36,000. ಯಂತ್ರ, ಅದರ ವಾರ್ಷಿಕ ನಿರ್ವಹಣೆ, ಕರೆಂಟ್ ಹೋದಾಗಿನ ಬ್ಯಾಟರಿ ಬೇರೆ. ಹತ್ತು ಜನರ ಅಂಗಡಿಗೆ ಇದ್ಯಾವುದೂ ಬೇಡ, ಒಂದು ಪುಸ್ತಕ ಸಾಕು ಎಂಬುದು ನನ್ನ ಅನಿಸಿಕೆ. ಕೊಳ್ಳುವುದಾದರೆ ನಿಮ್ಮ ಹಳೆಯ ಹಾಜರಿಯನ್ನೆಲ್ಲ ಎಕ್ಸೆಲ್ ಕಡತವಾಗಿ ಹೊರತೆಗೆಯಲು ಬರುತ್ತದೆಯೇ ಎಂದು ಅವರ ಎದುರೇ ತೆಗೆದು ನೋಡಿ. ಬಾರದಿದ್ದರೆ ನಾಳೆ ದರ ಏರಿಸಿದಾಗ ನೀವು ಎಲ್ಲಿಗೂ ಹೋಗಲಾರಿರಿ.

ಎರಡನೆಯ ಪರೀಕ್ಷೆ ತಿದ್ದುಪಡಿಯದು. ಒಬ್ಬರು ಪಂಚ್ ಮಾಡಲು ಮರೆತರು ಎಂದಿಟ್ಟುಕೊಂಡು ಅದನ್ನು ಸರಿಪಡಿಸಿ ತೋರಿಸಿ ಎನ್ನಿ. ಯಾರು ತಿದ್ದಿದರು, ಎಷ್ಟು ಹೊತ್ತಿಗೆ, ಏಕೆ, ಹಳೆಯ ಅಂಕಿ ಏನಿತ್ತು ಎಂಬುದೆಲ್ಲ ಅಳಿಸಲಾಗದಂತೆ ಉಳಿಯಬೇಕು. ಗುಟ್ಟಾಗಿ ತಿದ್ದಲು ಬರುವ ಹಾಜರಿಗಿಂತ ಮೇಸ್ತ್ರಿಯ ಡೈರಿಯೇ ಮೇಲು, ಅದರಲ್ಲಿ ಹೊಡೆದುಹಾಕಿದ ಗೀಟಾದರೂ ಕಾಣುತ್ತದೆ.

ಮೂರನೆಯದು ಭಾಷೆ. ಕೆಲಸಗಾರರು ತಮ್ಮ ಹಾಜರಿಯನ್ನು ತಮ್ಮ ಫೋನಿನಲ್ಲಿ ಕನ್ನಡದಲ್ಲಿ ನೋಡುವಂತಿರಬೇಕು. ಕನ್ನಡ ಇದೆ ಎಂದರೆ ಪರದೆ ತೆರೆಸಿ ಓದಿ. ಅನುವಾದವನ್ನು ಯಂತ್ರದ ಕೈಗೆ ಬಿಟ್ಟಿದ್ದರೆ ‘ಲೇಟ್’ ಬಂದವರು ‘ದಿವಂಗತ’ರಾಗಿರುವ ಸಾಧ್ಯತೆಯಿದೆ.

ಇಷ್ಟೂ ದಾಟಿದ ಮೇಲೂ ಹಳೆಯ ಪುಸ್ತಕವನ್ನು ಕೂಡಲೇ ಅಟ್ಟಕ್ಕೆ ಹಾಕಬೇಡಿ. ಒಂದು ತಿಂಗಳು ಪುಸ್ತಕ, ಯಂತ್ರ ಎರಡನ್ನೂ ನಡೆಸಿ, ಸಂಬಳದ ಹಿಂದಿನ ದಿನ ಎರಡೂ ಲೆಕ್ಕ ತಾಳೆ ಹಾಕಿ. ಹೊಂದದ ಹೆಸರುಗಳನ್ನು ಒಂದೊಂದಾಗಿ ಕರೆದು ಕೇಳಿ. ಯಂತ್ರ ಎಲ್ಲಿ ಎಡವುತ್ತದೆ ಎಂದು ಯಾವ ಡೆಮೊಗಿಂತ ಚೆನ್ನಾಗಿ ಅವರು ಹೇಳುತ್ತಾರೆ.

ಬೆರಳೊತ್ತುವ ಸಾಲಿನಲ್ಲಿ ನಿಲ್ಲುವವರು ನೀವಾಗಿದ್ದರೆ, ಸಂಬಳದ ಚೀಟಿ ಕೇಳಿ ಪಡೆಯುವುದು ನಿಮ್ಮ ಹಕ್ಕು. ಈ ತಿಂಗಳ ಚೀಟಿ ಕೈಗೆ ಬಂದಾಗ ಅದರ ಜೊತೆ ನಿಮ್ಮ ಪಂಚ್‌ಗಳ ಪಟ್ಟಿಯನ್ನೂ ಕೇಳಿ, ಮನೆಯ ಕ್ಯಾಲೆಂಡರಿನ ಪಕ್ಕ ಇಟ್ಟು ದಿನ ಎಣಿಸಿ. ಹೊಂದದಿದ್ದರೆ ಮರುದಿನವೇ ಟೈಮ್ ಆಫೀಸಿನ ಬಾಗಿಲು ತಟ್ಟಿ.